ಬೂದು ಮೊಲಕ್ಕೆ ಬಿಳಿ ಮರಿ ಹೇಗೆ?

ಅಪ್ಪ ಬೂದು, ಅಮ್ಮ ಬೂದು. ಮರಿ ಮಾತ್ರ ಹಾಲಿನಂಥ ಬಿಳಿ, ಕಣ್ಣು ಕೆಂಪು. ಈ ಬಣ್ಣ ಎಲ್ಲಿಂದ ಬಂತು?

ಉತ್ತರಕ್ಕೆ 1905ರ ಇಂಗ್ಲೆಂಡಿಗೆ ಹೋಗೋಣ. ಮೆಂಡೆಲ್‌ನ ಬಟಾಣಿ ಲೆಕ್ಕ ಮತ್ತೆ ಬೆಳಕಿಗೆ ಬಂದು ಆಗಿನ್ನೂ ಐದೇ ವರ್ಷ. ಅದು ಪ್ರಾಣಿಗಳಿಗೂ ಹೊಂದುತ್ತಾ ಅಂತ ನೋಡೋಕೆ ಚಾರ್ಲ್ಸ್ ಹರ್ಸ್ಟ್ ಮೊಲಗಳನ್ನು ಆರಿಸಿಕೊಂಡರು. ಬಿಳಿ ಅಂಗೋರಾ ಜತೆ ಬೆಲ್ಜಿಯನ್ ಹೇರ್ ತಳಿಯ ಕಂದು ಮೊಲ ಕೂಡಿಸಿದರು. ಹುಟ್ಟಿದ್ದೆಲ್ಲ ಬಣ್ಣದ ಮರಿಗಳು, ಬಿಳಿ ಮಾಯ! ಆ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದಾಗ, ಸುಮಾರು ನಾಲ್ಕಕ್ಕೊಂದು ಮರಿ ಮತ್ತೆ ಬಿಳಿ.

ಅಂದ್ರೆ ಬಿಳಿ ಅಳಿದಿರಲಿಲ್ಲ, ಅಡಗಿತ್ತು. ಇಂಥ ಮರಿ ಹುಟ್ಟಬೇಕಾದ್ರೆ ಆ ಗುಣ ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕು. ಹಾಗಾಗಿ ‘ತಳಿ ಕೆಟ್ಟಿದೆ’ ಅಂತ ತಾಯಿ ಮೊಲವನ್ನಷ್ಟೇ ದೂರಬೇಡಿ. ಜೋಡಿ ಮಾಡೋ ಮುಂಚೆ ಮೈಬಣ್ಣ ನೋಡಿದರೆ ಸಾಲದು. ಅಜ್ಜ-ಅಜ್ಜಿಯರ ಬಣ್ಣವನ್ನೂ ಕೇಳಿ, ಬರೆದಿಡಿ.