ತೀರಿದ ಸಾಲ, ತೀರದ ಲೆಕ್ಕ

ಬ್ಯಾಂಕಿನಿಂದ ಮನೆ ಸಾಲ ತೆಗೆದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಕಾಗದದ ಕಟ್ಟು ಎದುರಿಗೆ ಬರುವಾಗ ಸಹಿ ಹಾಕಬೇಕಾದ ಜಾಗಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿರುತ್ತಾರೆ. ನಾವು ಗುರುತು ನೋಡಿ ಸಹಿ ಹಾಕುತ್ತಾ ಹೋಗುತ್ತೇವೆ. ಯಾವುದರಲ್ಲಿ ಏನು ಬರೆದಿದೆ ಅಂತ ಓದಲು ಪುರುಸೊತ್ತೂ ಇಲ್ಲ, ಕೇಳಲು ಧೈರ್ಯವೂ ಇಲ್ಲ. ಕೇಳಿದರೆ ಎಲ್ಲಿ ಸಾಲ ತಪ್ಪಿ ಹೋಗುತ್ತದೋ ಎಂಬ ಹೆದರಿಕೆ. ಕೊನೆಗೆ ಸಾಲ ತೀರಿದ ದಿನ ಜಾಗದ ದಾಖಲೆ ಬಿಡಿಸಿ ತಂದು, ಉಳಿದ ಕಾಗದಗಳನ್ನು ಅಟ್ಟಕ್ಕೆ ಹಾಕಿ, ‘ಅಬ್ಬ, ಋಣ ಹರಿಯಿತು’ ಅನ್ನುತ್ತೇವೆ.

ಬ್ರಿಟನ್ನಿನ ಜನರೂ ಹೀಗೇ ಮಾಡುತ್ತಿದ್ದರು. ಆದರೆ ಈ ಶತಮಾನದ ಮೊದಲ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಒಂದು ವಿಚಿತ್ರ ನಡೆಯಿತು. ಸಾಲ ತೀರಿ ಎಷ್ಟೋ ವರ್ಷ ಆಗಿದ್ದವರು ಹಳೆಯ ಕಾಗದ ಹುಡುಕಿ ತೆಗೆದು ಬ್ಯಾಂಕಿಗೆ ಪತ್ರ ಬರೆದರು. ಬ್ಯಾಂಕುಗಳು ದುಡ್ಡು ವಾಪಸು ಕೊಡಬೇಕಾಯಿತು. ಒಂದಿಷ್ಟಲ್ಲ, 2011ರಿಂದ 2019ರ ಕೊನೆಯೊಳಗೆ 3,800 ಕೋಟಿ ಪೌಂಡಿಗೂ ಮಿಕ್ಕಿ. ಅದು ಹೇಗಾಯಿತು ಎಂಬುದು ನಾವೂ ತಿಳಿದಿರಬೇಕಾದ ಚರಿತ್ರೆ.

ಇದರ ಬೇರು ಇರುವುದು ಮನೆ ಕಳೆದುಕೊಳ್ಳುವ ಭಯದಲ್ಲಿ. 1980ರ ವಸತಿ ಕಾಯಿದೆಯ ಮೇಲೆ ಬ್ರಿಟನ್ನಿನಲ್ಲಿ ಸರಕಾರಿ ಬಾಡಿಗೆ ಮನೆಗಳಲ್ಲಿ ಇದ್ದವರೂ ಆ ಮನೆಗಳನ್ನು ಕೊಳ್ಳತೊಡಗಿದರು. ಕೂಲಿ ಮಾಡುವವರು, ಸಣ್ಣ ನೌಕರಿಯವರು ಮೊದಲ ಸಲ ಅಡಮಾನ ಸಾಲಕ್ಕೆ ಕೈಹಾಕಿದರು. 1989ರ ಕೊನೆಗೆ ಬಡ್ಡಿ ದರ ಶೇಕಡಾ 15ರ ಹತ್ತಿರ ಹೋಯಿತು. ಹಿಂದೆಯೇ ಕೆಲಸಗಳು ಹೋದವು, ಮನೆಗಳ ಬೆಲೆ ಇಳಿಯಿತು. 1991 ಒಂದೇ ವರ್ಷದಲ್ಲಿ ಸಾಲ ಕೊಟ್ಟವರು ಸುಮಾರು 75,000 ಮನೆಗಳನ್ನು ವಶಕ್ಕೆ ತೆಗೆದುಕೊಂಡರು.

ಅಲ್ಲಿವರೆಗೆ ಕೆಲಸ ಹೋದವರ ಮನೆ ಸಾಲದ ಬಡ್ಡಿಗೆ ಸರಕಾರದ ನೆರವು ಇತ್ತು. 1995ರ ಅಕ್ಟೋಬರದಲ್ಲಿ ಅದನ್ನು ಬಿಗಿ ಮಾಡಿದರು. ಆಮೇಲೆ ಸಾಲ ತೆಗೆದವರಿಗೆ ಮೊದಲ 39 ವಾರ ಏನೂ ಇಲ್ಲ. ಆ ಒಂಬತ್ತು ತಿಂಗಳ ಕಷ್ಟಕ್ಕೆ ಖಾಸಗಿ ವಿಮೆ ಮಾಡಿಸಿಕೊಳ್ಳಿ ಎಂಬುದು ಸರಕಾರದ ಲೆಕ್ಕಾಚಾರ. ಈ ವಿಮೆಗೆ ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್ ಅಂತ ಹೆಸರು, ಸುಲಭದಲ್ಲಿ ಪಿಪಿಐ. ಅಪಘಾತ, ಕಾಯಿಲೆ, ಕೆಲಸ ಹೋಗುವುದು, ಈ ಮೂರರಲ್ಲಿ ಒಂದು ಬಂದರೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ಸಾಲದ ಕಂತನ್ನು ವಿಮೆಯವರು ಕಟ್ಟುವುದು. ಯೋಚನೆ ಮಾಡಿದರೆ ಇದರಲ್ಲಿ ತಪ್ಪಿಲ್ಲ. ಬೇಕಾದವರಿಗೆ ಬೇಕಾದ ವಸ್ತುವೇ.

ತಪ್ಪು ಇದ್ದದ್ದು ಮಾರಿದ ರೀತಿಯಲ್ಲಿ. ಸಾಲ ಕೊಡುವವನೇ ವಿಮೆ ಮಾರುವವನು. ಪ್ರೀಮಿಯಂನ ದೊಡ್ಡ ಪಾಲು ಅವನಿಗೇ ಕಮಿಷನ್. ಹೀಗಿರುವಾಗ ಯಾರಿಗೆ ಈ ವಿಮೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂದು ನೋಡುವವರು ಯಾರು? ಸ್ವಂತ ಕಸುಬಿನವರಿಗೆ ಮಾರಿದರು, ಅವರಿಗೆ ಕೆಲಸ ಹೋಯಿತು ಎಂದು ಕ್ಲೇಮು ಮಾಡುವುದೇ ಕಷ್ಟ. ನಿವೃತ್ತರಿಗೆ ಮಾರಿದರು, ಅವರಿಗೆ ಹೋಗಲು ಕೆಲಸವೇ ಇಲ್ಲ. ಮೊದಲೇ ಬೆನ್ನುನೋವು ಇದ್ದವರಿಗೆ ಮಾರಿದರು, ಮೊದಲೇ ಇದ್ದ ಕಾಯಿಲೆಗೆ ಹಣ ಇಲ್ಲ ಎಂಬ ಷರತ್ತು ಒಳಗೆ ಸಣ್ಣ ಅಕ್ಷರದಲ್ಲಿ. ಇದು ಇಲ್ಲದಿದ್ದರೆ ಸಾಲ ಸಿಕ್ಕಲಿಕ್ಕಿಲ್ಲ ಎಂದು ಹೇಳಿ ಮಾರಿದ್ದೂ ಉಂಟು. ಏನೂ ಹೇಳದೆ ಫಾರ್ಮಿನಲ್ಲಿ ಮೊದಲೇ ಟಿಕ್ ಹಾಕಿಟ್ಟದ್ದೂ ಉಂಟು. ಕೆಲವು ಸಾಲಗಳಲ್ಲಿ ವಿಮೆಯ ಪೂರ್ತಿ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದರು. ಒಟ್ಟು 6 ಕೋಟಿಗೂ ಹೆಚ್ಚು ಪಾಲಿಸಿ ಮಾರಾಟ ಆಗಿರಬಹುದು ಅಂತ ಅಲ್ಲಿನ ನಿಯಂತ್ರಕರ ಅಂದಾಜು. ಜನ ಕಟ್ಟಿದ ಪ್ರೀಮಿಯಂನ ಐದರಲ್ಲಿ ಒಂದು ಪಾಲು ಕೂಡಾ ಪರಿಹಾರವಾಗಿ ತಿರುಗಿ ಅವರಿಗೆ ಬರುತ್ತಿರಲಿಲ್ಲ.

ಇದನ್ನು ಹೊರಗೆ ತಂದವರಲ್ಲಿ ಮುಖ್ಯರು ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆಯವರು. 1939ರಲ್ಲಿ ಎರಡನೆಯ ಮಹಾಯುದ್ಧ ಸುರುವಾದಾಗ ಹುಟ್ಟಿದ ಸಂಸ್ಥೆ ಅದು. ಊರೂರಿನಲ್ಲಿ ಸಣ್ಣ ಕೋಣೆ, ಒಂದು ಮೇಜು, ಸಂಬಳ ಇಲ್ಲದ ಸ್ವಯಂಸೇವಕರು. ಕಷ್ಟ ಹೇಳಿಕೊಂಡು ಬಂದವರ ಮಾತು ಕೇಳುವುದು, ಬರೆದಿಡುವುದು, ದಾರಿ ತೋರಿಸುವುದು, ಇಷ್ಟೇ ಕೆಲಸ. ಬೇರೆ ಬೇರೆ ಊರಿನ ಮೇಜುಗಳಲ್ಲಿ ಒಂದೇ ತರದ ದೂರು ಬರುತ್ತಿದೆ ಎಂಬುದು ಬರೆದಿಟ್ಟದ್ದರಿಂದಲೇ ಗೊತ್ತಾಯಿತು. 2002ರ ಎಂಟರ್‌ಪ್ರೈಸ್ ಕಾಯಿದೆಯ ಪ್ರಕಾರ ಇಂಥ ಸಂಸ್ಥೆಗಳು ‘ಸೂಪರ್ ದೂರು’ ಕೊಡಬಹುದು. ಕೊಟ್ಟರೆ ಸರಕಾರಿ ಇಲಾಖೆ 90 ದಿನದೊಳಗೆ ಉತ್ತರ ಕೊಡಲೇಬೇಕು. 2005ರಲ್ಲಿ ಅವರು ಆ ದೂರು ಕೊಟ್ಟರು.

ಆಮೇಲೆ ಚಕ್ರ ತಿರುಗಿತು, ಮೆಲ್ಲಗೆ. 2007ರಲ್ಲಿ ವಿಷಯ ಸ್ಪರ್ಧಾ ಆಯೋಗಕ್ಕೆ ಹೋಯಿತು. 2008ರಲ್ಲಿ ಹಣಕಾಸು ನಿಯಂತ್ರಕರಾದ ಎಫ್‌ಎಸ್‌ಎ, ಅಲಯನ್ಸ್ ಅಂಡ್ ಲೀಸ್ಟರ್ ಎಂಬ ಬ್ಯಾಂಕಿಗೆ 70 ಲಕ್ಷ ಪೌಂಡು ದಂಡ ಹಾಕಿದರು. 2010ರಲ್ಲಿ ಹಳೆಯ ಮಾರಾಟಗಳ ದೂರನ್ನೂ ಹೇಗೆ ಪರಿಶೀಲಿಸಬೇಕು ಅಂತ ನಿಯಮ ಬಂತು. ಬ್ಯಾಂಕುಗಳ ಸಂಘ ಕೋರ್ಟಿಗೆ ಹೋಯಿತು. ಇವತ್ತಿನ ಅಳತೆಗೋಲಿನಿಂದ ನಿನ್ನೆಯ ವ್ಯಾಪಾರವನ್ನು ಅಳೆಯುತ್ತೀರಿ ಎಂಬುದು ಅವರ ತಕರಾರು. 2011ರ ಏಪ್ರಿಲ್ 20ರಂದು ಹೈಕೋರ್ಟು ಅದನ್ನು ತಳ್ಳಿಹಾಕಿತು. ಗಿರಾಕಿಯ ಜತೆ ನ್ಯಾಯವಾಗಿ ನಡೆಯಬೇಕೆಂಬ ತತ್ವ ಮೊದಲೂ ಇತ್ತು, ಹೊಸತಾಗಿ ಹುಟ್ಟಿದ್ದಲ್ಲ ಎಂಬುದು ತೀರ್ಪಿನ ಸಾರ. ಮೇ ತಿಂಗಳಲ್ಲಿ ಲಾಯ್ಡ್ಸ್ ಬ್ಯಾಂಕು 320 ಕೋಟಿ ಪೌಂಡು ಬದಿಗಿಟ್ಟಿತು. ಸಂಘ ಮೇಲ್ಮನವಿ ಬಿಟ್ಟಿತು.

ಈಗ ಸಾಲ ತೀರಿಸಿ ಮರೆತಿದ್ದವರ ಸರದಿ. ಅಡಮಾನ ಮುಗಿದಿದ್ದರೂ ದೂರು ಕೊಡಬಹುದು. ಮೊದಲು ಬ್ಯಾಂಕಿಗೆ ಬರೆಯಬೇಕು. ಬ್ಯಾಂಕಿಗೆ ಎಂಟು ವಾರ ಸಮಯ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ಆರು ತಿಂಗಳೊಳಗೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅಲ್ಲಿ ಒಂದು ಪೈಸೆ ಖರ್ಚಿಲ್ಲ. ಗೆದ್ದರೆ ಕಟ್ಟಿದ ಪ್ರೀಮಿಯಂ, ಅದರ ಮೇಲೆ ಬ್ಯಾಂಕು ತೆಗೆದುಕೊಂಡ ಬಡ್ಡಿ, ಜತೆಗೆ ವರ್ಷಕ್ಕೆ ಶೇಕಡಾ 8ರಂತೆ ಸರಳ ಬಡ್ಡಿ.

ಹೇಳುವಷ್ಟು ಸುಲಭ ಆಗಿರಲಿಲ್ಲ. ಸಾಲ ಮುಗಿದು ಆರು ವರ್ಷ ಕಳೆದ ಖಾತೆಯ ಕಾಗದಗಳು ಎಷ್ಟೋ ಬ್ಯಾಂಕುಗಳಲ್ಲಿ ಇರುತ್ತಿರಲಿಲ್ಲ. ಬ್ಯಾಂಕುಗಳ ಬೋರ್ಡು ಕೂಡಾ ಬದಲಾಗಿತ್ತು. ಹ್ಯಾಲಿಫ್ಯಾಕ್ಸ್ ಎಚ್‌ಬಿಒಎಸ್‌ಗೆ ಸೇರಿ, ಅದು 2009ರಲ್ಲಿ ಲಾಯ್ಡ್ಸ್ ಕೈಗೆ ಹೋಗಿತ್ತು. ಅಬ್ಬಿ ನ್ಯಾಷನಲ್ ಸ್ಪೇನಿನ ಸಾಂಟಾಂಡೆರ್ ಆಗಿತ್ತು. ಸಾಲ ಕೊಟ್ಟವನ ಹೆಸರೇ ಇಲ್ಲದ ಮೇಲೆ ಯಾರನ್ನು ಕೇಳುವುದು? ಉತ್ತರ: ಆಸ್ತಿ ವಹಿಸಿಕೊಂಡವನು ಸಾಮಾನ್ಯವಾಗಿ ಹೊಣೆಯನ್ನೂ ಹೊರಬೇಕು. ಹಾಗಾಗಿ ಅಟ್ಟದಲ್ಲಿ ಒಂದು ಹಳೆಯ ಸ್ಟೇಟ್‌ಮೆಂಟ್, ಪ್ರೀಮಿಯಂ ಬೇರೆ ಸಾಲಿನಲ್ಲಿ ಕಾಣುವ ಒಂದು ಹಾಳೆ ಸಿಕ್ಕಿದವರ ಕೆಲಸ ಹಗುರಾಯಿತು.

ಇಲ್ಲಿ ಪ್ಲೆವಿನ್ ಪ್ರಕರಣವನ್ನು ಹೇಳಲೇಬೇಕು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಒಬ್ಬ ವಿಧವೆ, 59 ವರ್ಷ. 2006ರಲ್ಲಿ ಮನೆಗೆ ಬಂದು ಬಿದ್ದ ಕರಪತ್ರ ನೋಡಿ ದಲ್ಲಾಳಿಯ ಮೂಲಕ ಮನೆಯನ್ನೇ ಭದ್ರತೆಯಾಗಿ ಇಟ್ಟು 34,000 ಪೌಂಡು ಸಾಲ ತೆಗೆದರು. ವಿಮೆಗೆ 5,780 ಪೌಂಡು ಸಾಲದ ಮೇಲೆ ಸೇರಿತು. ಸಾಲ ಹತ್ತು ವರ್ಷಕ್ಕೆ, ವಿಮೆ ಐದೇ ವರ್ಷಕ್ಕೆ. ಆ 5,780ರಲ್ಲಿ ದಲ್ಲಾಳಿಗೆ 1,870, ಸಾಲ ಕೊಟ್ಟ ಪ್ಯಾರಗಾನ್ ಕಂಪೆನಿಗೆ 2,280. ವಿಮಾ ಕಂಪೆನಿಗೆ ಹೋದದ್ದು ಬರೀ 1,630. ನೂರರಲ್ಲಿ 71.8 ಪಾಲು ಕಮಿಷನ್, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. 2014ರ ನವೆಂಬರದಲ್ಲಿ ಸುಪ್ರೀಂ ಕೋರ್ಟು, ಇಷ್ಟು ದೊಡ್ಡ ಕಮಿಷನ್ ಮುಚ್ಚಿಟ್ಟದ್ದರಿಂದ ಸಾಲ ಕೊಟ್ಟವರ ಮತ್ತು ಪಡೆದವರ ಸಂಬಂಧವೇ ಅನ್ಯಾಯದ್ದು ಎಂದಿತು. ಕಮಿಷನ್ ಅರ್ಧಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದ್ದನ್ನು ವಾಪಸು ಕೊಡಬೇಕೆಂಬ ಲೆಕ್ಕ ಆಮೇಲೆ ಬಂತು. ನಿಯಂತ್ರಕರ ಕೆಳಗೆ ಬಂದ ಮೊದಲ ಅಡಮಾನದ ಸಾಲಗಳಿಗೆ ಈ ಕಾಯಿದೆಯ ವಿಧಿ ಸಲ್ಲದು. ಅಂಥವರು ತಮಗೆ ತಪ್ಪು ಹೇಳಿ ಮಾರಿದರು ಎಂಬುದನ್ನೇ ತೋರಿಸಬೇಕಿತ್ತು.

ದುಡ್ಡು ಬರುತ್ತದೆ ಎಂದಾಗ ನಡುವಿನವರೂ ಬಂದರು. ‘ನಿಮ್ಮ ಕ್ಲೇಮು ನಾವು ಮಾಡಿಕೊಡುತ್ತೇವೆ’ ಎಂದು ದಿನಾ ಫೋನು ಮಾಡುವ ಕಂಪೆನಿಗಳು. ಖರ್ಚಿಲ್ಲದೆ ಒಂದು ಪತ್ರದಲ್ಲಿ ಆಗುವ ಕೆಲಸಕ್ಕೆ ದೊಡ್ಡ ಪಾಲು ಕೇಳಿದರು. 2018ರಲ್ಲಿ ಪಾರ್ಲಿಮೆಂಟು ಅವರ ಫೀಸನ್ನು ಶೇಕಡಾ 20ಕ್ಕೆ ಕಟ್ಟಿಹಾಕಿತು, ತೆರಿಗೆ ಬೇರೆ. ಬ್ಯಾಂಕುಗಳೂ ಸುಮ್ಮನೆ ಕೊಟ್ಟವಲ್ಲ. ದೂರುಗಳನ್ನು ಸರಿಯಾಗಿ ನೋಡಲಿಲ್ಲ ಎಂದು 2015ರಲ್ಲಿ ಲಾಯ್ಡ್ಸ್ ಸಮೂಹಕ್ಕೆ 11.7 ಕೋಟಿ ಪೌಂಡು ದಂಡ ಬಿತ್ತು.

ಕೊನೆಗೆ 2019ರ ಆಗಸ್ಟ್ 29 ಕೊನೆಯ ದಿನ ಎಂದು ಗೊತ್ತುಮಾಡಿದರು. ಜನರಿಗೆ ನೆನಪಿಸಲು ಸಿನೆಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ತಲೆಯ ಬೊಂಬೆ ಮಾಡಿ ಜಾಹೀರಾತು ಕೊಟ್ಟರು. ಆ ತಿಂಗಳಲ್ಲಿ ಲಾಯ್ಡ್ಸ್ ಒಂದಕ್ಕೇ ವಾರಕ್ಕೆ ಆರು ಲಕ್ಷಕ್ಕೂ ಹೆಚ್ಚು ವಿಚಾರಣೆಗಳು ಬಂದವು.

ಬಾಗಿಲು ಮುಚ್ಚಿತು ಎಂದುಕೊಂಡರೆ ಪೂರ್ತಿ ಮುಚ್ಚಿರಲಿಲ್ಲ. ಪಾಟರ್ ಪ್ರಕರಣ ಮನೆ ಸಾಲದ್ದಲ್ಲ, ವೈಯಕ್ತಿಕ ಸಾಲದ್ದು. 2006ರಲ್ಲಿ ತೆಗೆದದ್ದು, 2010ರಲ್ಲಿ ತೀರಿತ್ತು. ಪ್ರೀಮಿಯಂನ ಶೇಕಡಾ 95ಕ್ಕೂ ಮಿಕ್ಕಿ ಕಮಿಷನ್ ಎಂಬುದು ಆಕೆಗೆ ಗೊತ್ತಾದದ್ದು 2018ರಲ್ಲಿ. ಕಾಲಮಿತಿ ದಾಟಿದೆ ಎಂದರು ಸಾಲ ಕೊಟ್ಟವರು. ನೀವು ಮುಚ್ಚಿಟ್ಟದ್ದನ್ನು ಆಕೆ ತಿಳಿಯುವುದಾದರೂ ಹೇಗೆ, ತಿಳಿಯುವವರೆಗೆ ಕಾಲ ಓಡುವುದಿಲ್ಲ ಎಂಬ ಅರ್ಥದ ತೀರ್ಪು 2023ರ ನವೆಂಬರದಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಸಾಲ ತೀರಿ ಹದಿಮೂರು ವರ್ಷದ ಮೇಲೆ.

ನಮ್ಮ ಗಡಿನಾಡಿನಲ್ಲಿ ಬ್ಯಾಂಕಿನ ಫಾರ್ಮು ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಗುರುತು ನೋಡಿಯೇ ಸಹಿ ಹಾಕಬೇಕು. ಸಾಲದ ಜತೆ ವಿಮೆ ಇಲ್ಲಿಯೂ ಬರುತ್ತದೆ. ಬೇಡವಾದ ವಿಮೆಯನ್ನು ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂದೆ ಕೊಡಬಹುದು ಎಂಬ ನಿಯಮ 2024ರಿಂದ ಇದೆ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದು, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ಬರೆಯಬಹುದು.

ಬ್ರಿಟನ್ನಿನಲ್ಲಿ ಕೋಟಿಗಟ್ಟಲೆ ಪೌಂಡು ಹಿಂದೆ ಬಂದದ್ದರ ಮೊದಲಿನಲ್ಲಿ ಇದ್ದದ್ದು ಒಂದು ಮೇಜು, ಒಂದು ನೋಟುಪುಸ್ತಕ, ಕೇಳಿ ಬರೆದಿಟ್ಟ ಸ್ವಯಂಸೇವಕರು. ನಮ್ಮ ವಾಚನಾಲಯದಲ್ಲಿ ಮೇಜು ಇದೆ, ಸಂಜೆ ಬಂದು ಕೂರುವ ಓದುಬಲ್ಲ ಹುಡುಗರೂ ಇದ್ದಾರೆ. ಸಾಲದ ಕಾಗದ ಹಿಡಿದುಕೊಂಡು ಒಬ್ಬ ಅಜ್ಜ ಬಂದರೆ ಅದನ್ನು ಕನ್ನಡದಲ್ಲಿ ಓದಿ ಹೇಳಿ, ಅವರು ಹೇಳಿದ್ದನ್ನು ತಾರೀಕು ಹಾಕಿ ಬರೆದಿಡುವ ಒಂದು ಪುಸ್ತಕ ಮಾತ್ರ ಇನ್ನೂ ಆಗಬೇಕು.