ವ್ಯವಹಾರವೆಂಬ ಶಬ್ದ ಮತ್ತು ದಾವಣಗೆರೆಯ ಪೇಟೆ



ಉಕ್ಕಡಗಾತ್ರಿಯ ಈ ತುಂಗಭದ್ರಾ ತೀರಕ್ಕೆ ಅಮಾವಾಸ್ಯೆಯಂದು ಕರಿಬಸವೇಶ್ವರನ ದರ್ಶನಕ್ಕಾಗಿ ಬರುವವರಲ್ಲಿ ಒಕ್ಕಲಮಕ್ಕಳಿರುವಂತೆ ಅಂಗಡಿಕಾರರೂ ಇದ್ದಾರೆ. ಹೊಸದಾಗಿ ಅಂಗಡಿ ಹಾಕಿದವರು ನಮ್ಮಲ್ಲಿ ಕೇಳುವ ಮಾತು ಒಂದೇ: “ಬುದ್ಧೀ, ವ್ಯಾಪಾರ ಕುದುರಬೇಕು, ಆಶೀರ್ವಾದ ಮಾಡಬೇಕು.” ಆಶೀರ್ವಾದಕ್ಕೆ ನಮಗೇನೂ ಖರ್ಚಿಲ್ಲ, ಧಾರಾಳವಾಗಿ ಮಾಡುತ್ತೇವೆ. ಆದರೆ ವ್ಯಾಪಾರ ಕುದುರುವ ಬಗೆಯನ್ನು ಈ ಸೀಮೆಯ ಇತಿಹಾಸದಿಂದಲೇ ತಿಳಿಯಬಹುದಾಗಿರುವಾಗ ಆಶೀರ್ವಾದವೊಂದನ್ನೇ ನೆಚ್ಚಿ ಕೂಡುವುದೇಕೆ?

ಸಂಸ್ಕೃತದಲ್ಲಿ ‘ವ್ಯವಹಾರ’ ಎಂಬ ಶಬ್ದವಿದೆ. ಕ್ರಯವಿಕ್ರಯಕ್ಕೂ ಅದೇ ಹೆಸರು. ಜನರು ಪರಸ್ಪರ ನಡೆದುಕೊಳ್ಳುವ ರೀತಿಗೂ ಅದೇ ಹೆಸರು. ಧರ್ಮಶಾಸ್ತ್ರಕಾರರು ನ್ಯಾಯಸಭೆಯ ದಾವೆಯನ್ನೂ ವ್ಯವಹಾರವೆಂದೇ ಕರೆದರು. ಎರಡನೆಯದು ಕೆಟ್ಟರೆ ಮೊದಲನೆಯದು ಮೂರನೆಯದಕ್ಕೆ ಹೋಗಿ ನಿಲ್ಲುತ್ತದೆ. ಹರಿಹರದ ವಕೀಲರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ದಾವಣಗೆರೆ ಮೊದಲು ಪೇಟೆಯಾಗಿರಲಿಲ್ಲ. ಬೇತೂರಿನ ಮಗ್ಗುಲ ಒಂದು ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅಲ್ಲಿ ಚಿನ್ನದ ಗಣಿಯಿರಲಿಲ್ಲ, ಬಂದರಿರಲಿಲ್ಲ. ಆಪೋಜಿರಾಮನು ಮಾಡಿದ್ದು ಇಷ್ಟೇ: ವರ್ತಕರನ್ನು ಕರೆದು ನೆಲೆಗೊಳಿಸಿದನು. ಅವನು ಸಂತಾನವಿಲ್ಲದೆ ತೀರಿಹೋದನು, ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಊರನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಆ ಪೇಟೆಯ ವಹಿವಾಟನ್ನು ಲೂಯಿ ರೈಸ್ ಸಾಹೇಬರು ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ತಮಿಳುಸೀಮೆಯ ವಾಲಾಜಾಪೇಟೆಗೆ ಹೋಗುತ್ತಿದ್ದವು. ಅಲ್ಲಿಂದ ಮದರಾಸಿನ ಉಪ್ಪು, ಹೊರದೇಶದ ಸರಕು ಇತ್ತ ಬರುತ್ತಿದ್ದವು. ವರ್ತಕರಲ್ಲಿ ಬಹುಪಾಲು ಶಿವಭಕ್ತರು. ಸ್ವಲ್ಪ ಯೋಚಿಸಿ ನೋಡಿರಿ. 400 ಕಿಲೋಮೀಟರಿಗೂ ಮಿಕ್ಕ ದಾರಿ. ತಂತಿ ಇಲ್ಲ, ಬ್ಯಾಂಕು ಇಲ್ಲ. ತೋಟದವನು ಅಡಿಕೆ ಕೊಡಬೇಕು, ಎತ್ತು ಹೊಡೆಯುವವನು ದಾರಿಯಲ್ಲಿ ಮೋಸ ಮಾಡಬಾರದು, ಭಾಷೆಯೇ ಬೇರೆಯಾದ ಊರಿನ ಸಾಹುಕಾರನು ಹೇಳಿದ ಮಾತಿಗೆ ನಿಲ್ಲಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಮುಂದಿನ ವರ್ಷದ ಮಾಲು ಹೊರಡುವಂತಿಲ್ಲ. ಈ ಸೀಮೆಯಲ್ಲಿ ಹಾಲುಮತದವರು ನೇಯ್ದ ಕಂಬಳಿಗೂ ಒಳ್ಳೆಯ ಹೆಸರಿತ್ತು. 1868ರಲ್ಲಿ ಹರಿಹರದ ಹೊಳೆಗೆ ಸೇತುವೆಯಾಯಿತು, ಆ ಶತಮಾನ ಮುಗಿಯುವುದರೊಳಗೆ ರೈಲೂ ಬಂದಿತು. ಎತ್ತಿನ ಕಾಲ ಹಿಂದೆ ಸರಿಯಿತು.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾದದ್ದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಆ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದವರು. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮುಟ್ಟಲೇ ಇಲ್ಲ. ಮೊದಲ ನೇಗಿಲು ಮಾರಾಟವಾಗಲು 2 ವರ್ಷ ಹಿಡಿಯಿತು. ರೈತರನ್ನು ಅಜ್ಞಾನಿಗಳೆಂದು ಬೈದು ಕುಲುಮೆ ಆರಿಸಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬ ರೈತನ ಭಯ ಬಿಟ್ಟಿತು, ಅವನ ಹೊಲ ನೋಡಿ ನೆರೆಯವನದು ಬಿಟ್ಟಿತು. ಇಂದು ಹದಿನೈದು ದಿನಕ್ಕೇ ಗಲ್ಲಾ ತುಂಬಲಿಲ್ಲವೆಂದು ಕೊರಗುವ ತರುಣರು ಆ 2 ವರ್ಷವನ್ನು ಎಣಿಸಿ ನೋಡಲಿ.

ಇನ್ನು ದಾವಣಗೆರೆಯ ಹತ್ತಿ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ತಂದ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದ ಲೇತ್ ಕಾರ್ಖಾನೆಯೂ ನಿಂತಿತು. ಕಾರಣಗಳು ಹಲವು, ಅವುಗಳ ತೀರ್ಪು ಅರ್ಥಶಾಸ್ತ್ರ ಓದಿದವರಿಗೆ ಬಿಟ್ಟದ್ದು. ಶಿಫ್ಟಿನ ಕೂಗು ನಿಂತ ದಿನ ಕೂಲಿಯವನ ಮನೆಯ ಒಲೆಗೆ ಬಂದ ಕಷ್ಟವೇ ಅವನಿಗೆ ಉದ್ರಿ ಕೊಟ್ಟ ಕಿರಾಣಿ ಅಂಗಡಿಗೂ ಬಂದಿತು. ಕೊಟ್ಟವನು ಕೇಳುವಂತಿಲ್ಲ, ತಂದವನು ಆ ಬೀದಿಯಲ್ಲಿ ಹಾಯುವಂತಿಲ್ಲ. ಹಣಕ್ಕಿಂತ ಮೊದಲು ಅಲ್ಲಿ ಮಾತು ನಿಂತಿತು. ಅಂತಹ ಲೆಕ್ಕವನ್ನು ನಾಲ್ಕು ಜನ ಕುಳಿತು ಸ್ವಲ್ಪ ಬಿಟ್ಟು, ಸ್ವಲ್ಪ ಕಟ್ಟಿಸಿ ಮುಗಿಸುವುದು ಲೇಸೆಂದೇ ನಮ್ಮ ಅಭಿಪ್ರಾಯ. ನಿಮ್ಮ ಪೆಟ್ಟಿಗೆಯಲ್ಲಿ ಹಳೆಯ ಉದ್ರಿ ಪುಸ್ತಕವಿದ್ದರೆ ಮನೆಗೆ ಹೋಗಿ ತೆರೆದು ನೋಡಿರಿ.

ಅದೇ ದಾವಣಗೆರೆಯಲ್ಲಿ ರಾಜನಹಳ್ಳಿ ಹನುಮಂತಪ್ಪನವರ ಛತ್ರವಿದೆ, ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನ ವಿಜ್ಞಾನ ಕಾಲೇಜಿದೆ. ಗಿರಣಿಗಳ ಹೆಸರನ್ನೇ ಕೇಳದ ಇಂದಿನ ಹುಡುಗರು ಸಹ, ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ “ಸಿ.ಜಿ. ಆಸ್ಪತ್ರೆಗೆ ನಡೆ” ಎಂದು ಆಟೋದವನಿಗೆ ಹೇಳುತ್ತಾರೆ. ಅದರಲ್ಲಿ ‘ಸಿ’ ಎಂದರೆ ಚಿಗಟೇರಿ ಎಂಬುದನ್ನು ಅವರಿಗೆ ಮನೆಯ ಹಿರಿಯರು ತಿಳಿಸಿರಿ.