ತಂತಿಯಿಲ್ಲದ ಮೈಕುಗಳ ನಡುವಣ ತಕರಾರು

ಯೂರೋಪಿನಲ್ಲಿ ನಿಸ್ತಂತು ಮೈಕುಗಳಿಗೆಂದು ಪರವಾನಗಿ ಬೇಡದ ಕಿರಿದಾದ ಆವೃತ್ತಿ ಪಟ್ಟಿಯೊಂದಿದೆ. 863ರಿಂದ 865 ಮೆಗಾಹರ್ಟ್ಸ್‌ವರೆಗೆ, ಒಟ್ಟು 2 ಮೆಗಾಹರ್ಟ್ಸ್ ಅಗಲ. ಇದರಲ್ಲಿ ಮೂರು ಮೈಕುಗಳನ್ನು ಕೂಡಿಸಬೇಕು ಎನ್ನಿ. ನ್ಯಾಯವಾಗಿ ಹಂಚೋಣವೆಂದು 863.2, 863.8, 864.4 ಮೆಗಾಹರ್ಟ್ಸ್‌ಗಳನ್ನು ಆರಿಸುತ್ತೇವೆ. ಎಲ್ಲಕ್ಕೂ ಸಮನಾದ ಅಂತರ. ಒಂದೊಂದನ್ನೇ ಪರೀಕ್ಷಿಸಿದರೆ ಎಲ್ಲವೂ ಸರಿ. ಆದರೆ ಮೊದಲಿನ ಎರಡು ಮೈಕುಗಳನ್ನು ಅಕ್ಕಪಕ್ಕ ಹಿಡಿದು ಚಾಲೂ ಮಾಡಿ, ಮೂರನೆಯದನ್ನು ಆರಿಸಿ. ಮೂರನೆಯದರ ಗ್ರಾಹಕದಲ್ಲಿ ಗೊರಗೊರ ಸದ್ದು, ಒಮ್ಮೊಮ್ಮೆ ಅಸ್ಪಷ್ಟ ಮಾತು ಕೇಳಬಹುದು. ಪ್ರೇಷಕವೇ ಇಲ್ಲದ ಆವೃತ್ತಿಯಲ್ಲಿ ಈ ಸಂಕೇತ ಎಲ್ಲಿಂದ ಬಂತು?

ಎರಡು ನಾದಗಳು ಸೇರಿ ಮೂರನೆಯದನ್ನು ಹುಟ್ಟಿಸುತ್ತವೆ ಎಂಬುದು ರೇಡಿಯೊಗಿಂತ ಬಹಳ ಹಳೆಯ ಸಂಗತಿ. ಇಟಲಿಯ ಪಿಟೀಲುಗಾರ ಜುಸೆಪ್ಪೆ ಟಾರ್ಟಿನಿ 1754ರ ತನ್ನ ಸಂಗೀತ ಗ್ರಂಥದಲ್ಲಿ 'ಮೂರನೆಯ ನಾದ'ದ ಬಗ್ಗೆ ಬರೆದ. ಎರಡು ಸ್ವರಗಳನ್ನು ಒಟ್ಟಿಗೆ ಜೋರಾಗಿ ನುಡಿಸಿದಾಗ ಯಾರೂ ನುಡಿಸದ ಇನ್ನೊಂದು ಸ್ವರ ಅವನಿಗೆ ಕೇಳುತ್ತಿತ್ತು. ನಮ್ಮ ಕಿವಿ, ಬಂದ ಶಬ್ದಕ್ಕೆ ಸರಿಯಾದ ಅನುಪಾತದಲ್ಲಿ ಸ್ಪಂದಿಸುವ ಸಾಧನವಲ್ಲ. ಆದ್ದರಿಂದ 1000 ಮತ್ತು 1200 ಹರ್ಟ್ಸ್ ನಾದಗಳನ್ನು ಕೊಟ್ಟರೆ 800 ಹರ್ಟ್ಸ್‌ನ ನಾದವೂ ಕೇಳಿಸಬಹುದು. 1000ದ ಎರಡರಷ್ಟರಿಂದ 1200 ಕಳೆಯಿರಿ, ಉತ್ತರ 800.

ಮೈಕಿನ ಪ್ರೇಷಕದಲ್ಲಿ ನಡೆಯುವುದೂ ಇದೇ. ಪಕ್ಕದ ಮೈಕಿನ ಅಲೆ ಈ ಮೈಕಿನ ಆಂಟೆನಾದ ಮೂಲಕ ಒಳನುಗ್ಗಿ ಕೊನೆಯ ವರ್ಧಕವನ್ನು ಮುಟ್ಟುತ್ತದೆ. ಆ ವರ್ಧಕವೂ ಅನುಪಾತ ತಪ್ಪುವಂಥದ್ದು; ಅದರ ಉತ್ಪನ್ನದಲ್ಲಿ ಒಳಬಂದ ಸಂಕೇತದ ಘನವೂ ಸ್ವಲ್ಪ ಬೆರೆತಿರುತ್ತದೆ. ಎರಡು ಕೊಸೈನ್‌ಗಳ ಮೊತ್ತದ ಘನವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ನೋಡಿ. ಮೊದಲನೆಯ ಆವೃತ್ತಿಯ ಎರಡರಷ್ಟರಿಂದ ಎರಡನೆಯದನ್ನು ಕಳೆದ ಪದ ತಾನಾಗಿ ಬರುತ್ತದೆ. ಅದರ ಜೋಡಿಯೂ ಬರುತ್ತದೆ. ಇದಕ್ಕೆ ಮೂರನೆಯ ಶ್ರೇಣಿಯ ಇಂಟರ್‌ಮಾಡ್ಯುಲೇಷನ್ ಎಂದು ಹೆಸರು. ನಮ್ಮ ಉದಾಹರಣೆಯಲ್ಲಿ 863.8ರ ಎರಡರಷ್ಟರಿಂದ 863.2 ಕಳೆದರೆ ಉಳಿಯುವುದು ಸರಿಯಾಗಿ 864.4. ನ್ಯಾಯದ ಹಂಚಿಕೆಯೇ ಇಲ್ಲಿ ಎಲ್ಲಕ್ಕಿಂತ ಕೆಟ್ಟ ಹಂಚಿಕೆ!

ಇದೇ ಮಿಶ್ರಣ ಗ್ರಾಹಕದ ಮುಂಭಾಗದಲ್ಲೂ ಆಗಬಲ್ಲದು. ಅಲ್ಲೊಂದು ಉಪಕಾರವಿದೆ: ಒಳಬರುವ ಎರಡೂ ಸಂಕೇತಗಳ ಸಾಮರ್ಥ್ಯವನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ, ಹುಟ್ಟುವ ಮೂರನೆಯದು ಸಾವಿರದ ಒಂದಕ್ಕೆ ಇಳಿಯುತ್ತದೆ. ಆಂಟೆನಾವನ್ನು ವೇದಿಕೆಯಿಂದ ತುಸು ದೂರ ಸರಿಸಿದರೆ ಕಾಟ ಥಟ್ಟನೆ ಕಡಿಮೆಯಾಗಬಹುದಾದುದು ಇದರಿಂದಲೇ.

ಅಮೆರಿಕದ ಶ್ಯೂರ್ ಕಂಪನಿ 'ವ್ಯಾಗಬಾಂಡ್' ಎಂಬ ನಿಸ್ತಂತು ಮೈಕನ್ನು ಮಾರುಕಟ್ಟೆಗೆ ತಂದದ್ದು 1953ರಲ್ಲಿ. ವೇದಿಕೆಯ ಸುತ್ತ ತಾಮ್ರದ ತಂತಿ ಹಾಸಿ ಅದನ್ನೇ ಗ್ರಾಹಕದ ಆಂಟೆನಾ ಮಾಡಬೇಕಿತ್ತು. ತಂತಿಯಿಲ್ಲದ ಮೈಕಿಗೂ ಅಷ್ಟು ತಂತಿ ಬೇಕಾಯಿತು. ಒಂದೆರಡು ಮೈಕುಗಳಿರುವಾಗ ಮೂರನೆಯದರ ಚಿಂತೆ ಯಾರಿಗೂ ಇರಲಿಲ್ಲ. ಕಾಕತಾಳೀಯವೆಂಬಂತೆ ಅದೇ 1953ರ ಜನವರಿಯಲ್ಲಿ ವ್ಯಾಲೇಸ್ ಬ್ಯಾಬ್‌ಕಾಕ್ ಎಂಬಾತ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಈ ಸಮಸ್ಯೆಗೆ ಲೆಕ್ಕದ ಪರಿಹಾರ ಪ್ರಕಟಿಸಿದ್ದ. ಮೈಕುಗಳು ಅವನ ವಿಷಯವೇ ಅಲ್ಲ. ಒಂದೇ ಪ್ರದೇಶದಲ್ಲಿ ಹಲವು ರೇಡಿಯೊ ಚಾನಲುಗಳನ್ನು ನಡೆಸುವುದು ಹೇಗೆಂಬುದು ಅವನ ಪ್ರಶ್ನೆ.

ಉತ್ತರ ಸರಳ: ಯಾವ ಎರಡು ಜೋಡಿ ಚಾನಲುಗಳ ನಡುವಣ ಅಂತರವೂ ಸಮನಾಗಿರಬಾರದು. ನಾಲ್ಕು ಚಾನಲುಗಳನ್ನು 0, 1, 4, 6ನೆಯ ಗೆರೆಗಳಲ್ಲಿ ಇಡಿ. ಅಂತರಗಳು 1ರಿಂದ 6ರವರೆಗೆ ಒಂದೊಂದೂ ಒಮ್ಮೆ ಮಾತ್ರ ಬರುತ್ತವೆ. ಗೆರೆಗೆ 0.3 ಮೆಗಾಹರ್ಟ್ಸ್ ಎಂದಿಟ್ಟುಕೊಂಡರೆ ನಮ್ಮ ಕಿರಿದಾದ ಪಟ್ಟಿಯಲ್ಲೇ 863.1, 863.4, 864.3, 864.9 ಎಂದು ನಾಲ್ಕು ಮೈಕುಗಳು ಜಗಳವಿಲ್ಲದೆ ಕೂರುತ್ತವೆ. ಮೂರಕ್ಕೇ ಕಾದಾಡುತ್ತಿದ್ದ ಜಾಗದಲ್ಲಿ ನಾಲ್ಕು!

ಇಂಥ ಸಂಖ್ಯಾಗಣಗಳನ್ನು ಹಂಗೇರಿಯ ಸೈಮನ್ ಸಿಡಾನ್ 1930ರ ದಶಕದಲ್ಲಿ ಫೂರಿಯೇ ಶ್ರೇಣಿಗಳ ಅಧ್ಯಯನದಲ್ಲಿ ಎದುರಿಸಿದ್ದ. ಪಾಲ್ ಎರ್ಡಿಶ್ ಮತ್ತು ಟುರಾನ್ 1941ರಲ್ಲಿ ಅವುಗಳ ಬಗ್ಗೆ ಬರೆದಿದ್ದರು. ಇಂದು ಇವು ಅಮೆರಿಕದ ಸಾಲೊಮನ್ ಗೊಲೊಂಬ್ ಹೆಸರಿನ 'ಗೊಲೊಂಬ್ ಅಳತೆಪಟ್ಟಿ'ಗಳೆಂದು ಪ್ರಸಿದ್ಧ. ಗುರುತುಗಳು ಹೆಚ್ಚಿದಂತೆ ಪಟ್ಟಿ ಬೇಗಬೇಗ ಉದ್ದವಾಗುತ್ತದೆ. ಎಂಟಕ್ಕೆ 34 ಸಾಕು. 28ಕ್ಕೆ ಅತಿ ಚಿಕ್ಕ ಉದ್ದ 585 ಎಂದು ಖಚಿತವಾಗಲು ಸ್ವಯಂಸೇವಕರ ಗಣಕಗಳು ಎಂಟು ವರ್ಷಕ್ಕೂ ಮೇಲ್ಪಟ್ಟು ದುಡಿದು 2022 ಬರಬೇಕಾಯಿತು.

ಈ ಉದ್ದವೇ ರಂಗಭೂಮಿಯವರ ನಿಜವಾದ ತೊಂದರೆ. ಸಂಗೀತ ನಾಟಕವೊಂದಕ್ಕೆ 30 ಮೈಕು ಎಂದರೆ ಎರಡೆರಡು ಸೇರಿ 870, ಮೂರುಮೂರು ಸೇರಿ 12,180 ಮೂರನೆಯ ಶ್ರೇಣಿಯ ಆವೃತ್ತಿಗಳು. ಇತ್ತ ಜಾಗ ಕುಗ್ಗುತ್ತ ಬಂತು. ಟಿವಿ ಚಾನಲುಗಳ ನಡುವೆ ಖಾಲಿ ಉಳಿದ ಆವೃತ್ತಿಗಳಲ್ಲಿ ಬಾಳುತ್ತಿದ್ದ ಮೈಕುಗಳು, ಆ ಆವೃತ್ತಿಗಳು ಮೊಬೈಲ್ ಸೇವೆಗಳ ಪಾಲಾದಾಗ ಎದ್ದು ಹೋಗಬೇಕಾಯಿತು. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿ 2010ರ ಜೂನ್‌ನಲ್ಲಿ, 600 ಮೆಗಾಹರ್ಟ್ಸ್ ಪಟ್ಟಿಯ ಬಹುಭಾಗ 2020ರ ಜುಲೈನಲ್ಲಿ ಮೈಕುಗಳ ಕೈತಪ್ಪಿತು. ಒಳ್ಳೆಯ ಮೈಕುಗಳನ್ನೇ ಎಸೆಯಬೇಕಾದ ನಾಟಕ ಮಂಡಳಿಗಳ, ಚರ್ಚುಗಳ ಸಂಕಟಕ್ಕೆ ಆಗ ಸಿಕ್ಕ ಗಮನ ಸಾಲದೆಂದೇ ನನ್ನ ಅನಿಸಿಕೆ.

ತಯಾರಕರು ಇನ್ನೊಂದು ಕಡೆಯಿಂದ ಹೊರಟರು. ವರ್ಧಕವನ್ನೇ ಅನುಪಾತ ತಪ್ಪದಂತೆ ತಿದ್ದಿದರೆ ಮೂರನೆಯದು ಗದ್ದಲದಲ್ಲಿ ಮುಚ್ಚಿಹೋಗುವಷ್ಟು ಕ್ಷೀಣವಾಗುತ್ತದೆ. ಹಾಗಾಗಿ ಕೆಲವು ಡಿಜಿಟಲ್ ಮೈಕುಗಳನ್ನು ಮತ್ತೆ ಸಮಾನ ಅಂತರದಲ್ಲೇ ಇಡಲು ಸಾಧ್ಯವಾಯಿತು. ಒಂದೇ ಅಗಲವಾದ ವಾಹಕದಲ್ಲಿ ಹತ್ತಾರು ಮೈಕುಗಳನ್ನು ಒಟ್ಟಿಗೆ ಸಾಗಿಸುವ ವ್ಯವಸ್ಥೆಗೆ ಅಮೆರಿಕದ ಸಂವಹನ ಆಯೋಗ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು.